ಮಾವನವರ ಪಟ್ಟಿ, ನನ್ನ ಫ್ಲಾಪಿ

‘ಗೊತ್ತಿಲ್ಲ’ ಎಂಬ ಒಂದೇ ಒಂದು ಪದ ನನ್ನ ಬಾಯಿಂದ ಹೊರಗೆ ಬರಬೇಕಾದರೆ ಯಾರಾದರೂ ಕುತ್ತಿಗೆ ಹಿಡಿದು ಕೂರಬೇಕು. ಇದು ಮೇಷ್ಟ್ರ ಕಸುಬಿನ ಜಾಡ್ಯ. ಎಂಬತ್ತರ ದಶಕದಲ್ಲಿ ನಾನು ಚನ್ನಗಿರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಭೌತಶಾಸ್ತ್ರದವನೆಂದರೆ ಊರಿನವರ ಪಾಲಿಗೆ ತಿರುಗುವ, ಉರಿಯುವ, ಸದ್ದು ಮಾಡುವ ಸಮಸ್ತ ವಸ್ತುಗಳಿಗೂ ಅವನೇ ಜವಾಬ್ದಾರ. ಕುಕ್ಕರು ಯಾಕೆ ಕೂಗುತ್ತಿಲ್ಲ, ಪಂಪ್‌ಸೆಟ್ಟು ಯಾಕೆ ನೀರೆತ್ತುತ್ತಿಲ್ಲ ಎಂದು ಕೇಳಿಕೊಂಡು ಬಂದವರಿಗೆ ನಾನು ಕಾರಣ ಹೇಳದೆ ಕಳಿಸಿದ್ದೇ ಇಲ್ಲ. ಪಕ್ಕದ ಮನೆಯವರ ಮಿಕ್ಸಿಯನ್ನು ಬಿಚ್ಚಿ ಜೋಡಿಸಿದ ಮೇಲೆ ಮೂರು ಸ್ಕ್ರೂ ಮಿಕ್ಕಿದವು. ಅವು ಕಂಪನಿಯವರು ಹೆಚ್ಚುವರಿಯಾಗಿ ಹಾಕಿರುವಂಥವು ಎಂದು ಧೈರ್ಯವಾಗಿ ಹೇಳಿದೆ. ಅವರು ಅವತ್ತಿನಿಂದ ಚಟ್ನಿಯನ್ನು ಒರಳಿನಲ್ಲಿ ರುಬ್ಬತೊಡಗಿದರು. ಒರಳಿನ ಚಟ್ನಿ ಆರೋಗ್ಯಕ್ಕೆ ಒಳ್ಳೆಯದು ಎಂದೂ ನಾನೇ ಹೇಳಿದೆ.

ಇಂಥವನ ಮನೆಗೆ ಒಂದು ಕಂಪ್ಯೂಟರ್ ಬಂತು. ಬೆಂಗಳೂರಿನಲ್ಲಿದ್ದ ಸ್ನೇಹಿತನೊಬ್ಬ ತಾನು ಹೊಸದನ್ನು ತೆಗೆದುಕೊಂಡು ಹಳೆಯದನ್ನು ನನ್ನ ತಲೆಗೆ ಕಟ್ಟಿದ್ದ. ನೋಡಲು ದಪ್ಪನೆಯ ಟೈಪ್‌ರೈಟರಿನ ಹಾಗಿತ್ತು. ಅದರ ವೈರನ್ನು ಮನೆಯ ಟೀವಿಗೆ ಸಿಕ್ಕಿಸಿದರೆ ಅಕ್ಷರಗಳು ಮೂಡುತ್ತಿದ್ದವು. ಜೊತೆಗೆ ಚಪ್ಪಲಿ ಡಬ್ಬದಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದೇ ಫ್ಲಾಪಿ ಡ್ರೈವ್. ಅದರ ಬಾಯಿಗೆ ಅಂಗೈಗಿಂತ ಅಗಲವಾದ ಕಪ್ಪು ಚೌಕವನ್ನು ತೂರಿಸಿ ಚಿಲಕ ಹಾಕಬೇಕು. ಆ ಚೌಕವೇ ಫ್ಲಾಪಿ. ಒಳಗೆ ಒಂದು ತೆಳ್ಳನೆಯ ತಟ್ಟೆ ತಿರುಗುತ್ತದೆ, ಟೈಪು ಮಾಡಿದ್ದೆಲ್ಲ ಅದರಲ್ಲಿ ಉಳಿಯುತ್ತದೆ. ಮೇಲುಗಡೆ ಕವಚದಲ್ಲಿ ಉದ್ದನೆಯ ಒಂದು ಕಿಂಡಿ ಇದ್ದು ತಟ್ಟೆಯ ಮೈ ಅಷ್ಟು ಮಾತ್ರ ಕಾಣುತ್ತಿತ್ತು. “ಆ ಕಿಂಡಿಗೆ ಬೆರಳು ತಾಗಿಸಬೇಡ. ಮುಖ್ಯವಾದದ್ದೇನಿದ್ದರೂ ಎರಡು ಫ್ಲಾಪಿಯಲ್ಲಿ ಇಟ್ಟುಕೋ” ಎಂದು ಸ್ನೇಹಿತ ಎರಡೇ ಮಾತು ಹೇಳಿ, ಎರಡು ಫ್ಲಾಪಿ ಕೊಟ್ಟಿದ್ದ. ಒಂದರಲ್ಲಿ ಕಪ್ಪೆ ರಸ್ತೆ ದಾಟುವ ಒಂದು ಆಟವಿತ್ತು. ಆ ಆಟ ನನಗೆ ಎಷ್ಟು ಹಿಡಿಸಿತ್ತೆಂದರೆ ಅದನ್ನು ಅಳಿಸಿ ಇನ್ನೇನನ್ನಾದರೂ ತುಂಬುವ ಮಾತೇ ಇರಲಿಲ್ಲ. ಹಾಗಾಗಿ ಮುಖ್ಯವಾದದ್ದಕ್ಕೆ ನನ್ನ ಹತ್ತಿರ ಉಳಿದದ್ದು ಒಂದೇ ಫ್ಲಾಪಿ.

ಇನ್ನು ನನ್ನ ಮಾವ ಮಲ್ಲೇಶಪ್ಪನವರ ವಿಷಯ. ಅಡಿಕೆ ಮಂಡಿಯಲ್ಲಿ ತುಂಬಾ ವರ್ಷ ಇದ್ದು, ಆಗ ಮನೆಯಲ್ಲೇ ಇದ್ದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವರ ಹತ್ತಿರ ಬಟ್ಟೆ ಬೈಂಡಿನ ಒಂದು ಹಳೆಯ ನೋಟ್‌ಬುಕ್ಕು ಇತ್ತು. ಮದುವೆಗೆ ಕರೆಯಬೇಕಾದ ಮನೆಗಳ ಪಟ್ಟಿ ಅದು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಹಾಕಿದರೆ ಅದು ಕರೆದಂತಲ್ಲ, ಕಳಿಸಿದಂತೆ. ಮನೆಗೇ ಹೋಗಿ, ಅಕ್ಷತೆ ಕೊಟ್ಟು, ಹೆಂಗಸರಿಗೆ ಕುಂಕುಮ ಇಟ್ಟು, “ಮನೆಗೆ ಬೀಗ ಹಾಕ್ಕೊಂಡು ಬರ್ರಿ” ಎಂದು ಹೇಳಬೇಕು. ಮಾವನವರ ನೋಟ್‌ಬುಕ್ಕು ಹೊನ್ನಾಳಿ ದಿಕ್ಕು, ನ್ಯಾಮತಿ ದಿಕ್ಕು, ಜಗಳೂರು ದಿಕ್ಕು, ಊರೊಳಗೆ ಎಂದು ನಾಲ್ಕು ಭಾಗವಾಗಿತ್ತು. ಬರೀ ಹೆಸರಲ್ಲ, ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಎರಡು ಪತ್ರಿಕೆ ಕೊಡಬೇಕು, ಹಿರಿಯರು ತೀರಿಕೊಂಡಿದ್ದಾರೆ, ಕಿರಿಮಗನ ಕೈಗೆ ಕೊಡಬೇಕು, ಜಗಳೂರು ಕಡೆಯ ಸೊಕ್ಕೆ ಹಳ್ಳಿಯಲ್ಲಿ ಒಂದೇ ಹೆಸರಿನವರು ಮೂವರಿದ್ದಾರೆ, ಬೇವಿನ ಮರದ ಮನೆಯವರು ನಮ್ಮವರು. ಇಂಥ ನಾಜೂಕಿನ ಸಂಗತಿಗಳೆಲ್ಲ ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿದ್ದವು.

ಈ ಪಟ್ಟಿಗೆ ಅವರು ಅಷ್ಟು ಬೆಲೆ ಕೊಡಲು ಕಾರಣವಿತ್ತು. ನನ್ನ ಮದುವೆಯಲ್ಲಿ ನ್ಯಾಮತಿಯ ಒಂದು ಮನೆ ತಪ್ಪಿಹೋಗಿತ್ತು. ಮಾವನವರ ಸೋದರತ್ತೆಯ ಮಗನದೇ ಮನೆ. ಜೊತೆಯಲ್ಲಿ ಈಜು ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು. ಆಮೇಲೆ ಹನ್ನೊಂದು ವರ್ಷ ಆ ಮನುಷ್ಯ ಮಾವನವರ ಜೊತೆ ಮಾತಾಡಲಿಲ್ಲ. ಒಮ್ಮೆ ಶಿವಮೊಗ್ಗದ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿ, ಆತ ಇಡೀ ದಾರಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದನಂತೆ. ಅವತ್ತು ಮಾವನವರು ಮನೆಗೆ ಬಂದು ಊಟ ಮಾಡಲಿಲ್ಲ. ಈಗ ಕೊನೆಯ ಮಗಳು ಗಿರಿಜಳ ಮದುವೆ ಗೊತ್ತಾಗಿತ್ತು. “ಇದೇ ಕೊನೇ ಕಾರ್ಯ. ಒಂದ್ ಮನೆನೂ ಬಿಡಬಾರ್ದು. ಬಿಟ್ರೆ ನಾನ್ ಸತ್ತಾಗ ಬಂದು ಹೂವ ಹಾಕೋರಿರಲ್ಲ” ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ವಯಸ್ಸಾಗಿ ಹೆಸರುಗಳು ಮರೆಯತೊಡಗಿದ್ದವು. ನೋಟ್‌ಬುಕ್ಕಿನ ಹಾಳೆಗಳೂ ಮುಟ್ಟಿದರೆ ಪುಡಿಯಾಗುತ್ತಿದ್ದವು.

ಆಗ ಬಾಯಿ ಹಾಕಿದವನು ನಾನು. “ಮಾವನವರೇ, ಇದನ್ನು ಕಂಪ್ಯೂಟರಿಗೆ ಹಾಕಿಬಿಡುತ್ತೇನೆ. ನೂರು ವರ್ಷ ಇರುತ್ತದೆ” ಎಂದೆ. ಗೆದ್ದಲು ಹಿಡಿಯುವುದಿಲ್ಲ, ಶಾಯಿ ಮಾಸುವುದಿಲ್ಲ, ಜಗಳೂರು ಎಂದು ಒತ್ತಿದರೆ ಜಗಳೂರಿನವರೆಲ್ಲ ಸಾಲಾಗಿ ನಿಲ್ಲುತ್ತಾರೆ ಎಂದು ಕ್ಲಾಸಿನಲ್ಲಿ ಹೇಳುವ ಗತ್ತಿನಲ್ಲೇ ವಿವರಿಸಿದೆ. ದಸರಾ ರಜಕ್ಕೆ ಮುಂಚೆ ಎರಡು ವಾರ ಕೂತು ನಾನೂರು ಚಿಲ್ಲರೆ ಮನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದೆ. ಮುಗಿದ ದಿನ ಮಾವನವರನ್ನು ಟೀವಿಯ ಮುಂದೆ ಕೂರಿಸಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಹೆಸರುಗಳು ಸರಿದುಹೋಗುವಾಗ ಕೈ ಮುಗಿದರು. “ಹಂಗಾರೆ ಇನ್ನು ಈ ಪುಸ್ತಕ?” ಎಂದರು. “ಇನ್ನು ಯಾಕೆ ಮಾವನವರೇ, ಬಿಡಿ” ಎಂದೆ. ನನ್ನ ಅರ್ಥ, ಅಟ್ಟದ ಮೇಲೆ ಹಾಕಿ ಎಂದು. ಮಾವನವರು ಹೇಳಿದ ಮಾತನ್ನು ಹೇಳಿದಂತೆ ಮಾಡುವವರು. ಮೊದಲ ಹಾಳೆಯಲ್ಲಿ ‘ಶ್ರೀ’ ಬರೆದು ಅರಿಶಿನ ಕುಂಕುಮ ಹಚ್ಚಿದ ಪುಸ್ತಕ. ಅಂಥದ್ದನ್ನು ಒಲೆಗೆ ಹಾಕುವಂತಿಲ್ಲ, ಹಳೇ ಪೇಪರಿನವನಿಗೂ ಕೊಡುವಂತಿಲ್ಲ. ಮುಂದಿನ ಸೋಮವಾರ ಬಸ್ಸು ಹತ್ತಿ ಸೂಳೆಕೆರೆಗೆ ಹೋಗಿ, ಹೂವು ಏರಿಸಿ, ನೀರಿಗೆ ಬಿಟ್ಟು ಬಂದರು. ವಿಷಯ ತಿಳಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು, ನಿಜ. ಆದರೆ ನನ್ನ ಯಂತ್ರದ ಮೇಲೆ ಅವರಿಗಿರುವ ನಂಬಿಕೆ ಕಂಡು ಒಳಗೊಳಗೇ ಹೆಮ್ಮೆಯೂ ಆಯಿತು.

ನವರಾತ್ರಿ ಕಳೆಯಿತು, ದೀಪಾವಳಿ ಕಳೆಯಿತು. ಪತ್ರಿಕೆಗಳು ಅಚ್ಚಾಗಿ ಬಂದವು. ಸೋಮವಾರ ಬೆಳಿಗ್ಗೆ ಮೂರು ತಂಡ ಹೊರಡುವುದೆಂದು ತೀರ್ಮಾನವಾಯಿತು. ಹೊನ್ನಾಳಿಗೆ ಮಾವನವರ ತಮ್ಮ ಮತ್ತು ಅವರ ಹೆಂಡತಿ, ನ್ಯಾಮತಿಗೆ ಸ್ವತಃ ಮಾವನವರು ಮತ್ತು ಅತ್ತೆ, ಜಗಳೂರಿಗೆ ಇನ್ನೊಬ್ಬ ಅಳಿಯ, ಮಗಳು. ಮದುವೆಗೆ ಹನ್ನೆರಡು ದಿನ ಮಾತ್ರ ಇತ್ತು. ಸೋಮವಾರ ತಪ್ಪಿದರೆ ಅಷ್ಟು ಮನೆ ಮುಟ್ಟುವುದು ಆಗದ ಮಾತು. ಶನಿವಾರ ಕಾಲೇಜು ಮುಗಿಸಿ ಬಂದವನು ಕಾಫಿ ಕುಡಿದು, ಪಟ್ಟಿ ಇಳಿಸಿಕೊಡೋಣವೆಂದು ಫ್ಲಾಪಿಯನ್ನು ತೂರಿಸಿ ಚಿಲಕ ಹಾಕಿದೆ. ಪ್ರಿಂಟರ್ ಇರಲಿಲ್ಲ; ಟೀವಿಯಲ್ಲಿ ನೋಡಿ ಕೈಯಲ್ಲೇ ಬರೆದುಕೊಳ್ಳಬೇಕಿತ್ತು. ಕೆಂಪು ದೀಪ ಹತ್ತಿತು. ಒಳಗಿನಿಂದ ಗರ್ರ್ ಎಂದಿತು. ಆಮೇಲೆ ಟಕ್ ಟಕ್ ಟಕ್. ಆಮೇಲೆ ಟೀವಿಯ ಮೇಲೆ, ಫ್ಲಾಪಿಯನ್ನು ಓದಲಾಗುತ್ತಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಬಂತು.

ನನಗೆ ಏನೂ ಅನ್ನಿಸಲಿಲ್ಲ. ಆ ಡ್ರೈವಿನ ಚಾಳಿಯೇ ಅದು. ಮೂರು ಸಲ ಕೇಳಿದರೆ ಒಂದು ಸಲ ಕೊಡುವ ಸ್ವಭಾವ. ಇನ್ನೊಮ್ಮೆ ಹಾಕಿದೆ. ಗರ್ರ್, ಟಕ್ ಟಕ್ ಟಕ್. ಹತ್ತನೆಯ ಸಲಕ್ಕೂ ಅದೇ. ಕಪ್ಪೆಯ ಫ್ಲಾಪಿ ಹಾಕಿ ನೋಡಿದೆ. ವಾರದ ಹಿಂದೆ ಹಾಯಾಗಿ ರಸ್ತೆ ದಾಟಿದ್ದ ಕಪ್ಪೆಯೂ ಬರಲಿಲ್ಲ. ನನ್ನ ಹೆಂಡತಿ ವಿಶಾಲಾಕ್ಷಿ ಅಡುಗೆಮನೆಯಿಂದಲೇ, “ಯಾಕ್ರೀ, ಅದು ಹಂಗೆ ಕೆಮ್ತಾ ಐತೆ?” ಎಂದಳು. “ಬಿಸಿಯಾಗಲಿಲ್ಲ ಇನ್ನೂ” ಎಂದೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದಾಗ “ಬಿಸಿ ಜಾಸ್ತಿಯಾಯಿತು” ಎಂದೆ. ಅವಳು ಹೊರಗೆ ಬಂದು ನನ್ನ ಮುಖ ನೋಡಿದಳು. ಹನ್ನೊಂದು ವರ್ಷ ಜೊತೆಯಲ್ಲಿದ್ದವಳಿಗೆ ನನ್ನ ಮುಖ ಓದುವುದು ಆ ಡ್ರೈವಿನಷ್ಟು ಕಷ್ಟವಿರಲಿಲ್ಲ.

ಅವತ್ತು ಸಂಜೆಯವರೆಗೆ ನಾನು ಮಾಡಿದ ವೈಜ್ಞಾನಿಕ ಪ್ರಯೋಗಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ವೋಲ್ಟೇಜು ಕಡಿಮೆಯಿರಬಹುದೆಂದು ಪಕ್ಕದ ಮನೆಯವರ ಫ್ರಿಜ್ಜಿನ ಸ್ಟೆಬಿಲೈಸರ್ ತಂದು ಜೋಡಿಸಿದೆ. ಅವರ ಹಾಲು ಒಡೆಯಿತು, ನನ್ನ ಟಕ್ ಟಕ್ ನಿಲ್ಲಲಿಲ್ಲ. ಡ್ರೈವಿನ ನೆತ್ತಿಯ ಮೇಲೆ ಒದ್ದೆ ಬಟ್ಟೆ ಹಾಕಿದೆ. ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ, ತಲೆಕೆಳಗು ಮಾಡಿ ಎರಡು ಪುಸ್ತಕದ ನಡುವೆ ನಿಲ್ಲಿಸಿದೆ. ಕೊನೆಗೆ ಬಾಗಿಲು ಹಾಕಿಕೊಂಡು ಎರಡು ಬಾರಿಸಿದೆ. ನಮ್ಮ ರೇಡಿಯೋಗೆ ಇದು ನಾಟುತ್ತಿತ್ತು. ಡ್ರೈವು ಒಂದು ಕ್ಷಣ ಸುಮ್ಮನಾಗಿ, ನನಗೆ ಆಸೆ ಹುಟ್ಟಿಸಿ, ಮತ್ತೆ ಗರ್ರ್ ಎಂದಿತು. ಬೆಂಗಳೂರಿನ ಸ್ನೇಹಿತನಿಗೆ ಟ್ರಂಕ್ ಕಾಲ್ ಮಾಡಲು ಅಂಚೆ ಕಚೇರಿಗೆ ಹೋಗಿ ಒಂದೂವರೆ ಗಂಟೆ ಕಾದೆ. ಲೈನು ಸಿಕ್ಕಾಗ ಯಾರೋ ಹೆಂಗಸು ಎತ್ತಿ ಅವನು ಪರವೂರಿಗೆ ಹೋಗಿದ್ದಾನೆಂದರು.

ಇಷ್ಟರ ನಡುವೆ ಮಾವನವರು ಎರಡು ಸಲ ಬಂದು ಹೋದರು. “ಪಟ್ಟಿ ಬರ್ದಾಯ್ತೇನ್ರಿ ಅಳಿಯಂದ್ರೆ?” “ಆಗ್ತಾ ಇದೆ ಮಾವನವರೇ.” ಎರಡನೆಯ ಸಲ ಬಂದಾಗ ಕೂತರು. ಡ್ರೈವಿನ ಸದ್ದು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, ನನ್ನನ್ನು ನೋಡದೆ, ಮೆತ್ತಗೆ ಹೇಳಿದರು: “ನ್ಯಾಮತೀಲಿ ಅವನ ಮನಿಗೆ ಮೊದ್ಲು ಹೋಗ್ಬೇಕಂತ ಇದ್ದೀನಿ. ಬಾಗ್ಲಾಗೆ ನಿಂತು, ತಪ್ಪಾಯ್ತು ಕಣಪ್ಪ ಅಂತೀನಿ. ಅವನಂತೂ ನೆನಪೈತೆ ನಂಗೆ. ಆದ್ರೆ ಅವನ್ನ ಕರೀಲಿಕ್ಕೆ ಹೋಗಿ ಇನ್ನೊಬ್ಬರನ್ನ ಬಿಟ್ಬಂದ್ರೆ ಹೆಂಗೆ? ಇನ್ನೊಂದ್ ಹನ್ನೊಂದ್ ವರ್ಷ ನನ್ನತ್ರ ಎಲ್ಲೈತ್ರಿ?” ನಾನು ಚಿಲಕ ತೆಗೆದು ಫ್ಲಾಪಿಯನ್ನು ಇನ್ನೊಮ್ಮೆ ತೂರಿಸಿದೆ.

ಮಾವನವರು ಹೋದ ಮೇಲೆ ವಿಶಾಲ ಕಾಗದ ಪೆನ್ನು ತಂದು ಎದುರಿಗೆ ಕೂತಳು. “ನೆನಪಿದ್ದಷ್ಟು ಬರೆಯೋಣ” ಎಂದಳು. ಇಬ್ಬರೂ ಸೇರಿ ಎಪ್ಪತ್ತು ಮನೆ ಬರೆಯುವಷ್ಟರಲ್ಲಿ ಸುಸ್ತಾದೆವು. ಸೊಕ್ಕೆಯ ಬೇವಿನ ಮರದ ಮನೆಯವರ ಹೆಸರು ಇಬ್ಬರಿಗೂ ಹೊಳೆಯಲಿಲ್ಲ. ಮರ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವಳು ಪೆನ್ನು ಕೆಳಗಿಟ್ಟು, “ನಾಳೆ ನಜೀರ್ ಸಾಬ್ರನ್ನ ಕರ್ಕೊಂಡ್ ಬರ್ರಿ” ಎಂದಳು. ಬಸ್ ನಿಲ್ದಾಣದ ಹತ್ತಿರ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವವರು ನಜೀರ್ ಸಾಬ್. ನನ್ನ ಕಂಪ್ಯೂಟರನ್ನು ಒಬ್ಬ ರೇಡಿಯೋ ರಿಪೇರಿಯವರು ಮುಟ್ಟುವುದೇ ಎಂದು ನನ್ನೊಳಗಿನ ಭೌತಶಾಸ್ತ್ರ ಸೆಟೆದು ನಿಂತಿತು. “ಅವರಿಗೇನು ಗೊತ್ತಿರುತ್ತದೆ?” ಎಂದೆ. “ನಿಮಗೇನು ಗೊತ್ತಾಯ್ತು?” ಎಂದಳು.

ಭಾನುವಾರ ಬೆಳಿಗ್ಗೆ ನಜೀರ್ ಸಾಬ್ ಬಂದರು. ಕನ್ನಡಕ ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಮೊದಲ ಮಾತಿಗೇ ಹೇಳಿದರು: “ನೋಡ್ರಿ ಮೇಷ್ಟ್ರೆ, ನಂಗೆ ಕಂಪ್ಯೂಟರ್ ಗೊತ್ತಿಲ್ಲ. ಟೇಪ್ ಗೊತ್ತು.” ಎಷ್ಟು ಸಲೀಸಾಗಿ ಅಂದುಬಿಟ್ಟರು. ಫ್ಲಾಪಿ ಹೇಗೆ ಕೆಲಸ ಮಾಡುತ್ತದೆಂದು ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಲು ಶುರುಮಾಡಿದೆ. ಅವರು ಅರ್ಧಕ್ಕೇ ಕೈಯೆತ್ತಿ, “ಇದು ಟೇಪೇ ಅಲ್ವೇನ್ರಿ, ಗುಂಡಗೆ ಕತ್ತರಿಸಿದ್ದು” ಎಂದರು. ಡ್ರೈವಿನ ಮುಚ್ಚಳ ಬಿಚ್ಚಿ, ಒಳಗೆ ಬೆಳಕು ಬಿಟ್ಟು, ಫ್ಲಾಪಿಯನ್ನು ಓದುವ ಕಡಲೆಕಾಳಿನಷ್ಟು ಸಣ್ಣ ತಲೆಯನ್ನು ಹುಡುಕಿದರು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರು. ಹತ್ತಿಗೆ ಬಿಳಿ ಪುಡಿ ಮೆತ್ತಿಕೊಂಡು ಬಂತು. ಸಾಮಾನ್ಯವಾಗಿ ಟೇಪಿನ ತಲೆ ಒರೆಸಿದರೆ ಹತ್ತಿ ಕಂದಾಗುತ್ತದಂತೆ. ನಜೀರ್ ಸಾಬ್ ಹುಬ್ಬು ಗಂಟಿಕ್ಕಿ, “ಈಗ ಬೇರೇದು ಹಾಕ್ರಿ” ಎಂದರು. ಕಪ್ಪೆಯ ಫ್ಲಾಪಿ ಹಾಕಿದೆ. ಕಪ್ಪೆ ಬಂತು. ನನಗೆ ಕುಣಿಯುವಷ್ಟು ಸಂತೋಷವಾಗಿ ಕೂಡಲೇ ಪಟ್ಟಿಯ ಫ್ಲಾಪಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

“ತಡೀರಿ. ಪೆಟ್ಗೆ ಸರಿಯೈತೆ. ರೋಗ ಇದ್ರಾಗೈತೆ” ಎಂದು ಪಟ್ಟಿಯ ಫ್ಲಾಪಿಯನ್ನು ಕಾಗದದ ಚೀಲದಿಂದ ಹೊರಗೆ ಎಳೆದು, ಭೂತಗನ್ನಡಿಯಲ್ಲಿ ಅದರ ಕಿಂಡಿ ನೋಡಿದರು. “ಇದಕ್ಕೆ ಸುಣ್ಣ ಯಾರ್ ಬಳಿದ್ರು ಮೇಷ್ಟ್ರೆ?” ಎಂದರು. ನಾನೂ ಬಗ್ಗಿ ನೋಡಿದೆ. ಕಪ್ಪು ಕವಚದ ಮೇಲೆ, ಮುಂದೂ ಹಿಂದೂ, ಮಾಸಲು ಬಿಳಿಯ ಮೂರು ಅಡ್ಡ ಗೆರೆ. ಗೆರೆಗಳು ನೆಟ್ಟಗೆ ಕಿಂಡಿಯ ಮೇಲೇ ಹಾದುಹೋಗಿದ್ದವು. ವಿಭೂತಿ. ಆಯುಧಪೂಜೆಯ ದಿನ ಮಾವನವರು ಬಂದು ಕಂಪ್ಯೂಟರಿಗೆ ಪೂಜೆ ಮಾಡಿದ್ದರು. ಕೀಲಿಮಣೆಗೆ ಹೂವು ಇಟ್ಟು, ಡ್ರೈವಿಗೆ ವಿಭೂತಿ ಹಚ್ಚಿ, “ಹೆಸ್ರು ಇರೋದು ಯಾವುದ್ರಾಗೆ?” ಎಂದು ಕೇಳಿದ್ದರು. ನಾನು ಫ್ಲಾಪಿ ತೋರಿಸಿ ಮಂಗಳಾರತಿಗೆ ಕರ್ಪೂರ ಹುಡುಕಲು ಒಳಗೆ ಹೋಗಿದ್ದೆ. ನಾನೂರು ಮನೆಯವರ ಹೆಸರಿರುವ ವಸ್ತುವನ್ನು ಅವರು ಬರಿದೇ ಬಿಟ್ಟಾರೆಯೇ? ವಿಭೂತಿಯನ್ನು ನೀರಲ್ಲಿ ಕಲೆಸಿ, ಚೀಲದಿಂದ ತೆಗೆದು, ಎರಡೂ ಕಡೆ ಶ್ರದ್ಧೆಯಿಂದ ಹಚ್ಚಿ, ಮತ್ತೆ ಒಳಗಿಟ್ಟಿದ್ದರು. ಶನಿವಾರ ನಾನು ನೋಡದೆ ತೂರಿಸಿದ್ದೆ. ಒಂದೊಂದು ಸಲ ಹಾಕಿದಾಗಲೂ ಆ ಪುಡಿ ತಟ್ಟೆಯನ್ನು ಉಜ್ಜಿತ್ತು. ನಾನು ಎಷ್ಟು ಸಲ ಹಾಕಿದ್ದೆನೆಂದು ನಜೀರ್ ಸಾಬ್ ಕೇಳಿದರು. ಐದಾರು ಸಲ ಎಂದೆ. ಐವತ್ತು ದಾಟಿತ್ತು.

“ಮಾವನವರಿಗೆ ಹೇಳಬೇಡಿ” ಎಂದು ಪಿಸುಗುಟ್ಟಿದೆ. ಯಾಕೆಂದರೆ ಅಷ್ಟು ಹೊತ್ತಿಗೆ ಮಾವನವರು ಬಂದು ಹೊರಗಿನ ಜಗಲಿಯ ಮೇಲೆ ಕೂತಿದ್ದರು. ತಾವೇ ಹಚ್ಚಿದ ವಿಭೂತಿಯಿಂದ ಪಟ್ಟಿ ಹಾಳಾಯಿತೆಂದು ತಿಳಿದರೆ ಆ ಜೀವ ಏನಾಗಬೇಕು? ನಜೀರ್ ಸಾಬ್ ತಲೆಯಾಡಿಸಿ, ದನಿ ತಗ್ಗಿಸಿದರು. “ನಾನ್ಯಾಕ್ ಹೇಳ್ಲಿ. ನಮ್ಮ ಚಾಚಾ ಒಬ್ರು ಹೊಸಾ ಟೇಪ್‌ರೆಕಾರ್ಡರಿಗೆ ಅತ್ತರ್ ಹಾಕಿದ್ರು. ಪಾಪ, ಪ್ರೀತಿ ಇರೋದಕ್ಕೇ ಅಲ್ವಾ ಜನ ಹಿಂಗೆಲ್ಲ ಮಾಡೋದು. ಆವಾಗ ಟೇಪ್ ತೊಳ್ದಿದ್ದೆ.” “ತೊಳೆಯುವುದೇ?” “ತೊಳ್ಯಾದೇ. ಬ್ಯಾರೆ ದಾರಿ ಇದ್ರೆ ನೀವೇ ಹೇಳ್ರಿ, ನೀವು ಓದಿರೋರು.” ನಾನು ಓದಿದ್ದರಲ್ಲಿ ಎಲ್ಲಿಯೂ ಇರಲಿಲ್ಲ.

ಬ್ಯಾಟರಿ ಅಂಗಡಿಯಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಬಾಟಲಿ ತಂದೆ. ವಿಶಾಲ ತನ್ನ ಹೊಸ ಸ್ಟೀಲಿನ ಪರಾತ ಕೊಟ್ಟಳು. ನಜೀರ್ ಸಾಬ್ ಬ್ಲೇಡಿನಿಂದ ಪಟ್ಟಿಯ ಫ್ಲಾಪಿಯ ಕವಚದ ಒಂದು ಅಂಚನ್ನು ಸೀಳಿದರು. ಬ್ಲೇಡು ಸರಿಯುವ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಒಳಗಿನಿಂದ ತೆಳ್ಳನೆಯ ಕಂದು ತಟ್ಟೆಯನ್ನು ಅಂಚು ಹಿಡಿದು ಎಳೆದು ನೀರಿಗೆ ಬಿಟ್ಟರು. ಅದು ಪರಾತದಲ್ಲಿ ತೇಲಿತು. ನಾನೂರು ಮನೆ, ನಾಲ್ಕು ದಿಕ್ಕು, ಗಿರಿಜಳ ಮದುವೆ, ನನ್ನ ಮರ್ಯಾದೆ, ಎಲ್ಲ ಆ ನೀರಿನ ಮೇಲೆ. ಬೆರಳ ತುದಿಯಿಂದ ಅದನ್ನು ಮೆಲ್ಲಗೆ ತಿರುಗಿಸುತ್ತಾ ತೊಳೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮಾವನವರು ನಿಂತಿದ್ದರು.

ಅವರ ಕಣ್ಣು ಸೀಳಿದ ಕವಚದ ಮೇಲೆ ಹೋಯಿತು, ಪರಾತದ ಮೇಲೆ ಬಂತು, ಆಮೇಲೆ ನನ್ನ ಮೇಲೆ ನಿಂತಿತು. “ಇದೇನ್ರಿ ಅಳಿಯಂದ್ರೆ?” ಎಂದರು. ನಜೀರ್ ಸಾಬ್ ತಲೆ ಎತ್ತಲೇ ಇಲ್ಲ. ವಿಶಾಲ ಒಂದು ಕ್ಷಣವೂ ತಡಮಾಡದೆ ಹೇಳಿದಳು: “ಅಭಿಷೇಕ ಅಪ್ಪಾಜಿ. ಒಳ್ಳೇ ಕೆಲಸಕ್ಕೆ ತೆಗೀತಾ ಇದ್ದೀವಲ್ಲ, ಅದಕ್ಕೆ ಮೊದ್ಲು ಒಂದ್ ಅಭಿಷೇಕ ಆಗ್ಲಿ ಅಂತ.” ಮಾವನವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಪರಾತದ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿದರು. “ಸಾಬ್ರ ಕೈಲಿ ಆಗ್ತಾ ಐತಲ್ಲ, ಭಾಳ ಒಳ್ಳೇದಾತು. ನಮ್ಮೂರಿನ ಉರುಸಿಗೆ ನಮ್ಮನೇದೇ ಮೊದ್ಲು ಸಕ್ರೆ ಹೋಗ್ತಿತ್ತು” ಎಂದು ಹೇಳಿ ಹೋಗಿ ಮತ್ತೆ ಜಗಲಿಯ ಮೇಲೆ ಕೂತರು. ನಜೀರ್ ಸಾಬ್ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡರು.

ತಟ್ಟೆಯನ್ನು ಮಲ್ಲಿನ ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಒಣಗಿಸಿದೆವು. ಫ್ಯಾನು ಹಾಕಿದರೆ ಧೂಳು ಕೂರುತ್ತದೆಂದು ಹಾಕಲಿಲ್ಲ. ಒಣಗಿದ ಮೇಲೆ ಅದಕ್ಕೊಂದು ಹೊಸ ಕವಚ ಬೇಕು. ಮನೆಯಲ್ಲಿದ್ದದ್ದು ಕಪ್ಪೆಯ ಫ್ಲಾಪಿ ಒಂದೇ. ನನ್ನ ಕೈಯಾರೆ ಅದನ್ನು ಸೀಳಿ, ಕಪ್ಪೆಯ ತಟ್ಟೆಯನ್ನು ಹೊರಗೆ ತೆಗೆದು, ಪಟ್ಟಿಯ ತಟ್ಟೆಯನ್ನು ಒಳಗೆ ಕೂರಿಸಿದೆ. ಅಂಚಿಗೆ ಟೇಪು ಹಚ್ಚಿ, ಡ್ರೈವಿಗೆ ತೂರಿಸಿ, ಚಿಲಕ ಹಾಕಿದೆ. ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಕರೆಂಟು ಹೋಗುವ ದಿನ. ಕೆಂಪು ದೀಪ ಹತ್ತಿತು. ಗರ್ರ್ ಎಂದಿತು. ಟಕ್. ವಿಶಾಲ ನನ್ನ ಭುಜ ಹಿಡಿದುಕೊಂಡಳು. ಟೀವಿಯ ಮೇಲೆ ಮೇಲಿನಿಂದ ಕೆಳಕ್ಕೆ ಹೆಸರುಗಳು ಮೂಡಿದವು.

ಯಾರೂ ಕೂಗಲಿಲ್ಲ. ಕೂಗಿದರೆ ಅದು ಹೆದರಿ ಮತ್ತೆ ಬಾಯಿ ಮುಚ್ಚೀತೆಂಬ ಭಯ. ನಾನು ಗಟ್ಟಿಯಾಗಿ ಓದುವುದು, ವಿಶಾಲ ಮತ್ತು ಅಪ್ಪನ ಜೊತೆ ಬಂದಿದ್ದ ಗಿರಿಜ ಬರೆದುಕೊಳ್ಳುವುದು. ಹೊನ್ನಾಳಿ ಮುಗಿಯಿತು. ನ್ಯಾಮತಿ ಮುಗಿಯಿತು. ಜಗಳೂರಿನ ನಡುವೆ ಟಕ್ ಟಕ್ ಟಕ್ ಎಂದು ನಿಂತುಬಿಟ್ಟಿತು. ನಜೀರ್ ಸಾಬ್ ಚಿಲಕ ಸಡಿಲಿಸಿ ಮತ್ತೆ ಒತ್ತಿದರು. ಇಲ್ಲ. ಮತ್ತೆ ಒತ್ತಿದರು. ಇಲ್ಲ. ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು. ಮದುವಣಗಿತ್ತಿ ಅಳಬಾರದೆಂದು ವಿಶಾಲ ಗದರಿದಳು. ನಾಲ್ಕನೆಯ ಸಲಕ್ಕೆ ಸೊಕ್ಕೆಯ ಬೇವಿನ ಮರದ ಮನೆಯವರು ಬಂದರು. ಅವರ ಹಿಂದೆಯೇ ಉಳಿದ ಜಗಳೂರು, ಊರೊಳಗಿನವರು, ಎಲ್ಲರೂ ಬಂದರು. ಕೊನೆಯ ಹೆಸರು ಬರೆದು ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಮಾವನವರು ಮೂರೂ ತಂಡಕ್ಕೆ ಒಂದೇ ಅಪ್ಪಣೆ ಕೊಟ್ಟರು. “ಇಷ್ಟ್ ಕಷ್ಟ ಬಿದ್ದು ತೆಗ್ದಾರೆ. ಈ ಪಟ್ಟಿ ಬಿಟ್ಟು ಆ ಕಡೆ ಈ ಕಡೆ ಹೋಗಬ್ಯಾಡ್ರಿ. ಇದ್ರಾಗಿರೋ ಮನಿ ಒಂದೂ ಬಿಡಬ್ಯಾಡ್ರಿ.” ಸೋಮವಾರ ಹೊರಟವರು ಗುರುವಾರದ ಹೊತ್ತಿಗೆ ಎಲ್ಲ ಹೆಸರಿಗೂ ಗುರುತು ಹಾಕಿಕೊಂಡು ಬಂದರು. ನ್ಯಾಮತಿಯಲ್ಲಿ ಸೋದರತ್ತೆಯ ಮಗ ಮೊದಲು ಒಳಗಿನಿಂದ ಬರಲೇ ಇಲ್ಲವಂತೆ. ಆಮೇಲೆ ಬಂದು ಅಕ್ಷತೆ ತೆಗೆದುಕೊಂಡನಂತೆ, ಇಬ್ಬರು ಮುದುಕರೂ ಬಾಗಿಲಲ್ಲೇ ನಿಂತು ಅತ್ತರಂತೆ. ಇದನ್ನು ಹೇಳುವಾಗ ಮಾವನವರು ನನ್ನ ಕೈ ಹಿಡಿದುಕೊಂಡರು. ನಾನು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಫ್ಲಾಪಿಯನ್ನು ತೊಳೆದ ಕಥೆಯನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಆ ಕಥೆಯಲ್ಲಿ ನಜೀರ್ ಸಾಬ್ ಸಣ್ಣವರಾಗುತ್ತಾ ಹೋಗಿ, ಕೊನೆಗೆ ಬ್ಯಾಟರಿ ನೀರು ತಂದವರು ಅವರು, ತೊಳೆದವನು ನಾನು ಎಂದಾಯಿತು.

ಮದುವೆಯ ದಿನ ಬೆಳಿಗ್ಗೆ ಛತ್ರ ತುಂಬಿತ್ತು. ನ್ಯಾಮತಿಯ ಮನುಷ್ಯ ಮೊದಲ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ. ಸೊಕ್ಕೆಯವರು ಒಂದು ಲಾರಿಯಲ್ಲಿ ಬಂದಿದ್ದರು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಮಾವನವರು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. “ಅಳಿಯಂದ್ರೆ, ನಿಮ್ಮಣ್ಣಾರು ಎಲ್ಲೈದಾರೆ? ನಿಮ್ಮ ತಾಯಾರು ಕಾಣ್ತಾ ಇಲ್ಲ?” ನಾನು ಸುತ್ತಲೂ ನೋಡಿದೆ. ನನ್ನ ಊರು ಹೊನ್ನಾಳಿ. ಅಲ್ಲಿ ಅಣ್ಣ, ಅತ್ತಿಗೆ, ಅವ್ವ ಇದ್ದಾರೆ. ಬೆಳಗಿನಿಂದ ಅವರಿಗಾಗಿ ನಾನೂ ಕಾಯುತ್ತಿದ್ದ ಹಾಗಿತ್ತು, ಬಸ್ಸು ತಡವಾಗಿರಬೇಕೆಂದುಕೊಂಡಿದ್ದೆ. ಹೊನ್ನಾಳಿಗೆ ಹೋಗಿದ್ದ ಮಾವನವರ ತಮ್ಮನನ್ನು ಕರೆದು ಕೇಳಿದೆವು. “ಅವರ ಹೆಸ್ರು ಪಟ್ಟೀಲಿರ್ಲಿಲ್ಲ. ಅಳಿಯಂದ್ರೇ ಕೊಟ್ಟಿರ್ತಾರೆ ಅಂತ ನಾವು ಬೀದಿ ಆ ಕಡೀಂದ್ಲೆ ಬಂದ್ವಿ” ಎಂದರು.

ತಟ್ಟೆಯ ಮೇಲೆ ವಿಭೂತಿ ಉಜ್ಜಿ ಅಳಿಸಿಹೋಗಿರಬೇಕು ಎಂದು ನನ್ನ ಬಾಯಿ ತುದಿಗೆ ಬಂದಿತ್ತು. ದೇವರು ದೊಡ್ಡವನು, ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನೆನಪಾಯಿತು. ಮಾವನವರ ನೋಟ್‌ಬುಕ್ಕಿನ ಹೊನ್ನಾಳಿ ದಿಕ್ಕಿನ ಹಾಳೆಯಲ್ಲಿ ಮೊದಲನೆಯ ಹೆಸರೇ ನಮ್ಮ ಮನೆಯದು. ‘ಬೀಗರು, ಮೊದಲು ಇಲ್ಲಿಗೆ’ ಎಂದು ಪಕ್ಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಅದನ್ನು ಓದಿ, ನನ್ನ ಮನೆಯನ್ನು ನನಗೆ ಕಂಪ್ಯೂಟರ್ ತೋರಿಸಿಕೊಡಬೇಕೇ ಎಂದು ನಗುತ್ತಾ ನಾನು ಎರಡನೆಯ ಹೆಸರಿನಿಂದ ಟೈಪು ಮಾಡಿದ್ದೆ. ಭಾನುವಾರ ಹೊನ್ನಾಳಿಯ ಹೆಸರುಗಳನ್ನು ಗಟ್ಟಿಯಾಗಿ ಓದಿದವನೂ ನಾನೇ. ಡ್ರೈವು ಪಾಪ ಏನು ಮಾಡೀತು. ಕೊಟ್ಟದ್ದನ್ನು ಅಕ್ಷರ ಬಿಡದೆ ಹಿಂದಿರುಗಿಸಿತ್ತು. ಮಾವನವರು ಮಂಟಪದ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತರು. ತಪ್ಪು ನನ್ನದೆಂದು ಎಷ್ಟು ಹೇಳಿದರೂ “ಕರೆಯಾಕೆ ಹೋಗಬೇಕಾದ್ದು ನಾನಲ್ವೇನ್ರಿ” ಎನ್ನುತ್ತಿದ್ದರು.

ಮದುವೆಯ ಮಾರನೆಯ ದಿನವೇ ನಾನು ಹೊನ್ನಾಳಿಗೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತಿದ್ದ. ಎದ್ದು ಕುರ್ಚಿ ಹಾಕಿದ. ಆ ಮನೆಯಲ್ಲಿ ಹುಟ್ಟಿದಂದಿನಿಂದ ನಾನು ನೆಲದ ಮೇಲೆ ಕೂತು ಬೆಳೆದವನು. ಅತ್ತಿಗೆ ಲೋಟದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು, ನೆಂಟರಿಗೆ ಇಡುವಂತೆ. ನಾನು ಫ್ಲಾಪಿ, ಕಿಂಡಿ, ವಿಭೂತಿ, ಬ್ಯಾಟರಿ ನೀರು ಎಲ್ಲ ಹೇಳಿದೆ. ಒಂದು ಗಂಟೆ ಹೇಳಿರಬೇಕು. ಅಣ್ಣ ಪೂರ್ತಿ ಕೇಳಿದ, ನಡುವೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಅವ್ವ ಒಳಬಾಗಿಲಲ್ಲಿ ಕೂತು, “ಹದಿನೈದ್ ದಿನ ಸೀರೆ ಮಡಿಚಿಟ್ಕೊಂಡು ಕಾದ್ನಪ್ಪ. ಇವತ್ ಬರ್ತಾರೆ, ನಾಳೆ ಬರ್ತಾರೆ ಅಂತ” ಎಂದಳು.

ನಾನು ಹೊರಡಲು ಎದ್ದೆ. ಅಣ್ಣ ಒಳಗೆ ಹೋಗಿ ಒಂದು ತಟ್ಟೆ ಹಿಡಿದು ಬಂದ. ಹಿತ್ತಲ ಜಾಗದಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಮುಂದಿನ ತಿಂಗಳಂತೆ. ನನಗೆ ಗೊತ್ತೇ ಇರಲಿಲ್ಲ. ಪತ್ರಿಕೆಯ ಮೇಲೆ ಅಣ್ಣನ ಕೈಬರಹದಲ್ಲಿ ನನ್ನ ಪೂರ್ತಿ ಹೆಸರು, ಅದರ ಹಿಂದೆ ‘ಶ್ರೀಯುತ’, ಕೆಳಗೆ ‘ಉಪನ್ಯಾಸಕರು, ಚನ್ನಗಿರಿ’. ಚಿಕ್ಕಂದಿನಿಂದ ನನ್ನನ್ನು ‘ಲೇ’ ಎಂದೇ ಕರೆದ ಅಣ್ಣ ನನ್ನ ಅಂಗೈಗೆ ಅಕ್ಷತೆ ಹಾಕಿ, ಎರಡು ಕೈ ಜೋಡಿಸಿ, “ಮನೆಯೋರ್ನೆಲ್ಲ ಕರ್ಕೊಂಡು ತಪ್ಪದೆ ಬರ್ರಿ” ಎಂದ. ನಾನು ಅಷ್ಟೇ ಮರ್ಯಾದೆಯಿಂದ ನಮಸ್ಕಾರ ಮಾಡಿ ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಕೂತು ಪತ್ರಿಕೆಯನ್ನು ಮೂರು ಸಲ ಓದಿದೆ. ಕೊನೆಯಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಮನೆಯವರ ಹೆಸರುಗಳೆಲ್ಲ ಅಚ್ಚಾಗಿದ್ದವು: ಅವ್ವ, ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ಅವರ ಜೊತೆ ಇರಬೇಕಾದ ನನ್ನ ಹೆಸರು ಇರಲಿಲ್ಲ. ಕಂಪ್ಯೂಟರ್ ಇಲ್ಲದ ಮನೆ. ಕೈತಪ್ಪಿಹೋಯಿತೆಂದು ಹೇಳಿಕೊಳ್ಳಲು ಒಂದು ಯಂತ್ರವೂ ಇರಲಿಲ್ಲ.